ಮೊಳೆ ಹೊಡೆದ ಕಿಟಕಿಯ ಹಾಡು

ಸಂಗೀತದ ಮೇಷ್ಟ್ರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ಅವರು ಬಿಟ್ಟುಹೋದ ಹಾರ್ಮೋನಿಯಂ ಇಂಗ್ಲಿಷ್ ಕಲಿಸುತ್ತಿದ್ದ ನನ್ನ ತಲೆಗೆ ಬಂತು.

ಪ್ರಿನ್ಸಿಪಾಲರು ಮೇಜಿನ ಗಾಜಿನ ಕೆಳಗಿಂದ ಒಂದು ಸುತ್ತೋಲೆ ಎಳೆದು ನನ್ನ ಮುಂದಿಟ್ಟರು. "ಇನ್‌ಸ್ಪೆಕ್ಷನ್ನಿಗೆ ಇನ್ನು ನಾಲ್ಕು ವಾರ ಐತೆ ನೋಡಮ್ಮ. ಒಂದು ಸಮೂಹಗೀತೆ ಬೇಕಂತೆ. ಸ್ವರಚಿತ ಆಗಿರಬೇಕು. ಹುಡುಗೀರೇ ಕೂಡಿ ಕುಂತು ಬರೆದದ್ದು ಅನ್ನೋದಕ್ಕೆ ದಾಖಲೆ ಇರಬೇಕು."

"ನನಗೆ ಸಂಗೀತ ಬರಲ್ಲ ಸಾರ್."

"ಇಂಗ್ಲಿಷ್ ಪದ್ಯ ಪಾಠ ಮಾಡ್ತೀರಲ್ಲ. ಪದ್ಯ ಬೇರೆ ಹಾಡು ಬೇರೆ ಏನಮ್ಮ?"

ಬೇರೆ ಎಂದು ಹೇಳಬಹುದಿತ್ತು. ಆದರೆ ನನ್ನ ಪ್ರೊಬೇಷನ್ ಮುಗಿಯಲು ಇನ್ನೂ ಐದು ತಿಂಗಳಿತ್ತು. ಅದು ತುರ್ತು ಪರಿಸ್ಥಿತಿಯ ಕಾಲ. ಬಸ್ ಸ್ಟ್ಯಾಂಡಿನ ಗೋಡೆಯಿಂದ ಹಿಡಿದು ನಮ್ಮ ಹಾಸ್ಟೆಲಿನ ಅಡುಗೆಮನೆಯ ಬಾಗಿಲವರೆಗೆ ಶಿಸ್ತು ಎಂಬ ಪದವನ್ನು ಬರೆಸಿದ್ದರು. ಸುತ್ತೋಲೆಗೆ ಸಹಿ ಹಾಕಿ, ಹಾರ್ಮೋನಿಯಂ ಹೊತ್ತುಕೊಂಡು ಬಂದೆ.

ಅದು ಚಿತ್ರದುರ್ಗದಲ್ಲಿ ಹೆಣ್ಣುಮಕ್ಕಳಿಗೆ ಮೇಷ್ಟ್ರ ತರಬೇತಿ ಕೊಡುವ ಒಂದು ಸಂಸ್ಥೆ. ಎರಡನೇ ವರ್ಷದ ಹದಿನಾರು ಹುಡುಗಿಯರು ನನ್ನ ಪಾಲಿಗೆ ಬಂದರು. ಹದಿನಾರೂ ಜನ ಸಂಸ್ಥೆಯ ಹಿಂಭಾಗದ ಹಾಸ್ಟೆಲಿನಲ್ಲಿದ್ದವರು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಅದೇ ಹಾಸ್ಟೆಲಿನ ಸಹಾಯಕ ವಾರ್ಡನ್. ಹೊಳಲ್ಕೆರೆಯ ಮನೆಯಿಂದ ದಿನಾ ಓಡಾಡಲು ಆಗುವುದಿಲ್ಲವೆಂದು ನನಗೆ ಅಲ್ಲೇ ಒಂದು ಕೋಣೆ ಕೊಟ್ಟಿದ್ದರು. ಕೋಣೆಯ ಜೊತೆಗೆ ಗೇಟಿನ ಬೀಗದ ಕೈಯನ್ನೂ ಕೊಟ್ಟರು. ಸಂಜೆ ಆರಕ್ಕೆ ಗೇಟು ಹಾಕುವುದು, ಬೆಳಿಗ್ಗೆ ಆರಕ್ಕೆ ತೆಗೆಯುವುದು. ಆ ಬೀಗದ ಕೈ ಸದಾ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿರುತ್ತಿತ್ತು. ಇಪ್ಪತ್ತಾರು ವರ್ಷಕ್ಕೇ ಆ ಗಂಟಿನ ಭಾರಕ್ಕೆ ನನ್ನ ನಡಿಗೆ ಒಂದು ಪಕ್ಕಕ್ಕೆ ವಾಲಿತ್ತು ಎಂದು ತುರುವನೂರಿನ ಹುಡುಗಿ ಅಣಕಿಸಿ ತೋರಿಸಿದ್ದಳು. ನಾನು ಅವಳಿಗೆ ಚೆನ್ನಾಗಿ ಬೈದಿದ್ದೆ.

ಕಿಟಕಿಯ ವಿಷಯ ಇಲ್ಲೇ ಹೇಳಬೇಕು. ಹಾಡಿನ ಕೆಲಸ ಬರುವ ಒಂದು ತಿಂಗಳ ಮುಂಚೆ, ಕೋಟೆಯ ಕಡೆ ಹೋಗುವ ರಸ್ತೆಯಿಂದ ಯಾರೋ ಕಿಟಕಿಯೊಳಕ್ಕೆ ಒಂದು ಚೀಟಿ ಎಸೆದಿದ್ದರು. ಮಾರನೇ ದಿನವೇ ವಾರ್ಡನಮ್ಮ ಬಡಗಿಯನ್ನು ಕರೆಸಿ ರಸ್ತೆಯ ಕಡೆಯ ಆರೂ ಕಿಟಕಿಗಳಿಗೆ ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆಸಿದರು. ಆ ಊರಲ್ಲಿ ಇರುವುದೇ ಬಂಡೆ ಮತ್ತು ಗಾಳಿ. ಹಗಲೆಲ್ಲ ಬಂಡೆ ಕಾಯುತ್ತದೆ, ಸಂಜೆಗೆ ಜೋಗಿಮಟ್ಟಿಯ ಕಡೆಯಿಂದ ಗಾಳಿ ಬಂದು ತಣಿಸುತ್ತದೆ. ಮೊಳೆ ಹೊಡೆದ ಮೇಲೆ ನಮಗೆ ಕಾವು ಮಾತ್ರ ಉಳಿಯಿತು. ಬಡಗಿ ಏಣಿಯ ಮೇಲಿದ್ದ. ಮೊಳೆಯ ಪೊಟ್ಟಣ ಹಿಡಿದುಕೊಂಡು ಕೆಳಗೆ ನಿಂತಿದ್ದವಳು ನಾನು. ಒಂದೊಂದೇ ಎತ್ತಿ ಕೊಟ್ಟೆ. ಇನ್ನು ಮುಂದೆ ಈ ಗೋಡೆಯ ಹತ್ತಿರ ಯಾರನ್ನೂ ನಿಲ್ಲಗೊಡಬೇಡ ಎಂದು ವಾಚ್‌ಮನ್‌ಗೆ ತಾಕೀತು ಮಾಡಿದವಳೂ ನಾನೇ.

ಹಾಡಿಗೆ ನನ್ನ ಹತ್ತಿರ ಇದ್ದದ್ದು ಒಂದೇ ಬಂಡವಾಳ. ಕೋಳಿ ಸಾಕಣೆ ಕಲಿಸಲು ಬಂದಿದ್ದ ಅಮೆರಿಕದ ಹುಡುಗಿಯೊಬ್ಬಳು ಎರಡು ವರ್ಷ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಹೋಗುವಾಗ ಒಂದು ಗ್ರಾಮಫೋನ್ ರೆಕಾರ್ಡ್ ಕೊಟ್ಟುಹೋಗಿದ್ದಳು. ಅಲ್ಲಿಯ ಕಪ್ಪು ಜನ ತಮ್ಮ ಕಷ್ಟ ಹೇಳಿಕೊಳ್ಳಲು ಕಟ್ಟಿದ ಹಾಡುಗಳು. ಅವಕ್ಕೆ ಬ್ಲೂಸ್ ಅನ್ನುತ್ತಾರೆ ಎಂದು ಅವಳೇ ಹೇಳಿಕೊಟ್ಟಿದ್ದಳು. ಕಟ್ಟುವ ಕ್ರಮ ಬಹಳ ಸರಳ. ಒಂದು ಸಾಲು ಹೇಳಬೇಕು. ಅದೇ ಸಾಲನ್ನು ಇನ್ನೊಮ್ಮೆ ಹೇಳಬೇಕು. ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಬೇಕು. ಒಂದೊಂದು ಸಾಲಿಗೂ ನಾಲ್ಕು ಅಳತೆ, ಅಂದರೆ ತಾಳದ ನಾಲ್ಕು ಸುತ್ತು, ಒಟ್ಟು ಹನ್ನೆರಡು. ಸಾಲು ಎರಡು ಅಳತೆಯಲ್ಲಿ ಮುಗಿಯುತ್ತದೆ, ಉಳಿದ ಎರಡು ಖಾಲಿ. ಆ ಖಾಲಿಯಲ್ಲಿ ಉಳಿದವರು ಹೂಂಗುಟ್ಟುತ್ತಾರೆ. ಸಂಗೀತ ಬರದ ಮೇಷ್ಟ್ರಿಗೆ ಇದಕ್ಕಿಂತ ಸುಲಭದ್ದು ಸಿಗದು ಎಂದುಕೊಂಡೆ.

ಮೊದಲ ದಿನ ಸಂಸ್ಥೆಯ ರೆಕಾರ್ಡ್ ಪ್ಲೇಯರ್ ತಂದು ಅದನ್ನು ಹಾಕಿದೆ. ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ರೆಕಾರ್ಡಿನಲ್ಲಿ ಒಂದು ಗೀರಿತ್ತು. ಎರಡನೇ ಸಾಲಿಗೆ ಬಂದಾಗ ಮುಳ್ಳು ಅಲ್ಲೇ ಸುತ್ತತೊಡಗಿತು.

"ಈಯಮ್ಮ ಹೇಳಿದ್ದೇ ಹೇಳ್ತಾಳಲ್ಲ ಮೇಡಂ," ಅಂದಳು ತುರುವನೂರಿನ ಹುಡುಗಿ. "ಯಾರೂ ಕೇಳಿಸ್ಕಂತಿಲ್ಲ ಅನ್ಸುತ್ತೆ."

ಎಲ್ಲರೂ ನಕ್ಕರು. ಅವಳು ತಿಳಿದೋ ತಿಳಿಯದೆಯೋ ಸರಿಯಾಗಿ ಹೇಳಿದ್ದಳು. ನನಗದು ಆಗ ಹೊಳೆಯಲಿಲ್ಲ. ಸಿಟ್ಟಿನಿಂದ ಮುಳ್ಳನ್ನು ಎತ್ತಿಟ್ಟೆ.

ನಾಲ್ಕು ನಾಲ್ಕು ಜನರ ನಾಲ್ಕು ಗುಂಪು ಮಾಡಿದೆ. ಒಂದು ಗುಂಪು ಚೀಟಿಯಲ್ಲಿ ಮೊದಲ ಸಾಲು ಬರೆದು ಪಕ್ಕದ ಗುಂಪಿಗೆ ಕೊಡಬೇಕು, ಆ ಗುಂಪು ಉತ್ತರ ಬರೆಯಬೇಕು. ವಾರದ ಕೊನೆಗೆ ನನ್ನ ಕೈ ಸೇರಿದ ಚೀಟಿಗಳಲ್ಲಿ ಶಿಸ್ತೇ ಉಸಿರು, ಶ್ರಮವೇ ಹೆಸರು, ಚಿಕ್ಕ ಸಂಸಾರ ಚೊಕ್ಕ ಸಂಸಾರ ಇವೇ ತುಂಬಿದ್ದವು. ಗೋಡೆಯ ಮೇಲಿದ್ದದ್ದು ಚೀಟಿಗೆ ಇಳಿದಿತ್ತು, ಅಷ್ಟೆ. ಪ್ರಿನ್ಸಿಪಾಲರಿಗೆ ಇದೇ ಸಾಕಾಗಿತ್ತು. ಇದನ್ನೇ ಒಪ್ಪಿಸಿ ಕೈತೊಳೆದುಕೊಂಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ನನಗೆ ಒಂದು ಕೆಟ್ಟ ಚಾಳಿಯಿದೆ. ಕಲಿಸಿದ್ದು ಸರಿಯಾಗಿ ತಲುಪದಿದ್ದರೆ ಊಟ ಸೇರುವುದಿಲ್ಲ.

ಎರಡನೇ ವಾರ ಹೊಸ ನಿಯಮ ಮಾಡಿದೆ. ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಈ ಹೊತ್ತಿನವರೆಗೆ ನಿಮಗೆ ಆದದ್ದನ್ನು ಬಿಟ್ಟು ಬೇರೇನೂ ಬರೆಯಕೂಡದು.

"ಇವತ್ತು ಏನೂ ಆಗಿಲ್ಲ ಮೇಡಂ."

"ತಿಂಡಿ ತಿಂದಿರೋ ಇಲ್ಲವೋ?"

"ಉಪ್ಪಿಟ್ಟು ತಿಂದ್ವಿ."

"ಅದನ್ನೇ ಬರೆಯಿರಿ."

ತುರುವನೂರಿನವಳು ನಿಂತಲ್ಲೇ ಕಟ್ಟಿದಳು. 'ಸೋಮವಾರ ಉಪ್ಪಿಟ್ಟು, ಮಂಗಳವಾರ ಉಪ್ಪಿಟ್ಟು.' ಅದನ್ನೇ ಇನ್ನೊಮ್ಮೆ ಹೇಳಿದಳು. ಆಮೇಲೆ, 'ಬುಧವಾರ ಬಂತಂತ ಓಡಿ ಬಂದ್ರೆ ತಟ್ಟೇಲಿ ನಕ್ಕಿತು ಉಪ್ಪಿಟ್ಟು.' ತರಗತಿ ಹೋ ಎಂದಿತು. ನಮ್ಮ ಮೊದಲ ಪದ್ಯ ಅದು. ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡೆ. ಸುತ್ತೋಲೆಯಲ್ಲಿ ದಾಖಲೆ ಎಂದಿತ್ತಲ್ಲ, ಆಂತರಿಕ ಅಂಕವನ್ನೂ ಕೊಡಬೇಕಿತ್ತಲ್ಲ, ಅದಕ್ಕಾಗಿ ಯಾವ ಸಾಲು ಯಾರದು ಎಂದು ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಿಂದ ರೋಲ್ ನಂಬರ್ ಹಾಕಿದೆ. ಯಾರಿಗೂ ಅನ್ಯಾಯವಾಗಬಾರದು ಎಂಬುದು ನನ್ನ ಎಣಿಕೆ. ಪುಸ್ತಕದ ಪುಟಗಳಿಗೆ ಸಂಖ್ಯೆಯಿತ್ತು. ಪ್ರತಿ ಶನಿವಾರ ಪ್ರಿನ್ಸಿಪಾಲರು ಅದಕ್ಕೆ ರುಜು ಹಾಕುತ್ತಿದ್ದರು.

ಪದ್ಯವೇನೋ ಬಂತು, ಹಾಡು ಬರಲಿಲ್ಲ. ಹಾರ್ಮೋನಿಯಮ್ಮಿನಲ್ಲಿ ಆ ರೆಕಾರ್ಡಿನ ರಾಗ ಕೂರುತ್ತಿರಲಿಲ್ಲ. ಆ ಹಾಡುಗಾರ್ತಿ ಗಾಂಧಾರ ಸ್ವರವನ್ನು ಕರಿ ಕೀಯಲ್ಲೂ ಹಿಡಿಯುವುದಿಲ್ಲ, ಬಿಳಿ ಕೀಯಲ್ಲೂ ಹಿಡಿಯುವುದಿಲ್ಲ. ನಡುವೆ ಎಲ್ಲೋ ಜಾರುತ್ತಾಳೆ. ನಾನು ಎರಡನ್ನೂ ಒಟ್ಟಿಗೆ ಒತ್ತಿದೆ, ಬೆಕ್ಕಿನ ಬಾಲ ತುಳಿದ ಹಾಗಾಯಿತು. ಮೂರು ದಿನ ಇದೇ ಪಾಡು. ಮೂರನೇ ದಿನ ತರಗತಿ ಮುಗಿದ ಮೇಲೆ, ಅದುವರೆಗೆ ತುಟಿ ಬಿಚ್ಚಿರದ ಹುಡುಗಿಯೊಬ್ಬಳು ಹಾರ್ಮೋನಿಯಮ್ಮಿನ ಹತ್ತಿರ ಬಂದು ನಿಂತಳು. ಮಾರಿಕಣಿವೆಯ ಕಡೆಯವಳು, ಕುರಿ ಕಾಯುವ ಮನೆಯವಳು. ಅವರ ಹಟ್ಟಿಯಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ.

"ಈ ಪೆಟ್ಟಿಗೆ ಬ್ಯಾಡ ಮೇಡಂ," ಅಂದಳು. "ಇದು ನಮ್ಮಜ್ಜಿ ಬೀಸೋ ಪದ ಇದ್ದಂಗೈತೆ. ಬೀಸೋ ಕಲ್ಲಿಗೆ ಎದುರಾಬದ್ರು ಕುಂತ್ಕಂತಾರಲ್ರಿ. ಅಜ್ಜಿ ಒಂದು ಸಾಲು ಬಿಡ್ತಾಳೆ, ಅವ್ವ ಅದನ್ನೇ ತಿರುಗಿ ಅಂತಾಳೆ."

"ಅದನ್ನೇ ಯಾಕೆ ಅನ್ನಬೇಕು?"

"ಅವ್ವ ಅನ್ನೋವಷ್ಟ್ರಾಗೆ ಅಜ್ಜಿಗೆ ಮುಂದಿಂದು ಹೊಳಿತೈತೆ ಮೇಡಂ. ಇಲ್ಲಾಂದ್ರೆ ಯೋಚ್ನೆ ಮಾಡಾಕೆ ಹೊತ್ತೆಲ್ಲೈತೆ, ಕಲ್ಲು ನಿಲ್ಸಂಗಿಲ್ವಲ್ಲ."

ಅಮೆರಿಕದ ಹುಡುಗಿ ಎರಡು ವರ್ಷದಲ್ಲಿ ನನಗೆ ಹೇಳಿಕೊಡದಿದ್ದುದನ್ನು ಇವಳು ಒಂದು ಮಾತಿನಲ್ಲಿ ಹೇಳಿದಳು. ಮಾರನೇ ದಿನ ಹಾರ್ಮೋನಿಯಂ ಬೀರುವಿಗೆ ಹೋಯಿತು. ಹುಡುಗಿಯರನ್ನು ನೆಲದ ಮೇಲೆ ಜೋಡಿ ಜೋಡಿಯಾಗಿ ಎದುರುಬದುರು ಕೂರಿಸಿದೆ. ಜೋಡಿಗೊಂದು ಅಡಿಪಟ್ಟಿ ಕೊಟ್ಟೆ. ಅದನ್ನು ಬೀಸುವ ಕಲ್ಲಿನ ಗೂಟದ ಹಾಗೆ ನೆಟ್ಟಗೆ ಹಿಡಿದು ಇಬ್ಬರೂ ಸೇರಿ ತಿರುಗಿಸಬೇಕು. ಒಂದು ಸುತ್ತಿಗೆ ಒಂದು ಅಳತೆ. ಎರಡು ಸುತ್ತು ಸಾಲು, ಎರಡು ಸುತ್ತು ಹೂಂಕಾರ. ಹನ್ನೆರಡು ಸುತ್ತಿಗೆ ಪದ್ಯ ಮುಗಿಯಬೇಕು. ನೆಲದ ಮೇಲೆ ಎಂಟು ಅಡಿಪಟ್ಟಿಗಳು ಗರಗರ ತಿರುಗಿದಾಗ ಗಾಂಧಾರ ತಾನಾಗಿಯೇ ಜಾರಿ ತನ್ನ ಜಾಗಕ್ಕೆ ಬಂದು ಕೂತಿತು. ಅವತ್ತು ನನಗಾದ ಸಂತೋಷಕ್ಕೆ ಆರು ಗಂಟೆಗೆ ಗೇಟು ಹಾಕುವುದನ್ನೇ ಮರೆತಿದ್ದೆ. ವಾರ್ಡನಮ್ಮ ಬಂದು ನೆನಪಿಸಿದರು.

ಹತ್ತು ದಿನ ಕಳೆದ ಮೇಲೆ, ಅಡಿಪಟ್ಟಿ ತಿರುಗುತ್ತಿರುವಾಗ ಮಾರಿಕಣಿವೆಯ ಹುಡುಗಿ ತಲೆ ಎತ್ತದೆ ಒಂದು ಸಾಲು ಬಿಟ್ಟಳು.

'ಕಿಟಕಿಗೆ ಮೊಳೆ ಹೊಡೆದಾರೆ, ಗಾಳಿ ಹೊರಗೆ ನಿಂತೈತೆ.'

ಹೂಂಕಾರ ಬರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಿಲ್ಲಿಸುತ್ತೇನೋ ಏನೋ ಎಂದು ಕಾದರು. ನಾನು ನಿಲ್ಲಿಸಲಿಲ್ಲ. ಅಡಿಪಟ್ಟಿಗಳು ತಿರುಗುತ್ತಲೇ ಇದ್ದವು. ಹದಿನೈದು ಜನ ಅದೇ ಸಾಲನ್ನು ತಿರುಗಿ ಹೇಳಿದರು. ಅಷ್ಟರಲ್ಲಿ ತುರುವನೂರಿನವಳಿಗೆ ಉತ್ತರ ಹೊಳೆದಿತ್ತು.

'ಒಳಗೆ ಕುಂತೋಳ ಉಸಿರಿಗೆ ಇನ್ಯಾವ ಮೊಳೆ ಬರತೈತೆ.'

ಮೇಷ್ಟ್ರಾದವಳಿಗೆ ಇಂಥ ಗಳಿಗೆ ಎಷ್ಟು ಸಲ ಬರುತ್ತದೆ? ಮೊಳೆಯ ಪೊಟ್ಟಣದ ನೆನಪೂ ಅದೇ ಗಳಿಗೆಯಲ್ಲಿ ಬಂತು. ಅದನ್ನು ಬದಿಗೆ ತಳ್ಳಿ ಪುಸ್ತಕ ತೆಗೆದೆ, ದುಂಡಗಿನ ಅಕ್ಷರದಲ್ಲಿ ಸಾಲುಗಳನ್ನು ಬರೆದೆ. ಅಂಚಿನಲ್ಲಿ ಕೆಂಪು ಶಾಯಿಯಿಂದ ಏಳು, ಹನ್ನೆರಡು ಎಂದು ಹಾಕಿದೆ. ಇಬ್ಬರಿಗೂ ಹತ್ತಕ್ಕೆ ಒಂಬತ್ತು ಅಂಕ.

ಶನಿವಾರ ಪುಸ್ತಕ ರುಜುವಿಗೆ ಹೋಯಿತು. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ವಾಪಸು ಬರುವ ಪುಸ್ತಕ ಅವತ್ತು ಬರಲಿಲ್ಲ. ಮಧ್ಯಾಹ್ನ ನನಗೆ ಕರೆ ಬಂತು. ಪ್ರಿನ್ಸಿಪಾಲರ ಎದುರಿನ ಕುರ್ಚಿಯಲ್ಲಿ ವಾರ್ಡನಮ್ಮ ಕೂತಿದ್ದರು. ಪುಸ್ತಕ ಮೇಜಿನ ಮೇಲೆ ತೆರೆದಿತ್ತು.

"ಏಳನೇ ನಂಬರ್ ಯಾರಮ್ಮ?" ಅಂತ ಪ್ರಿನ್ಸಿಪಾಲರು ಕೇಳಿದರು. ಹಾಜರಿ ಪಟ್ಟಿ ಅವರ ಪಕ್ಕದಲ್ಲೇ ಇತ್ತು. ನಾನು ಹೇಳದಿದ್ದರೂ ಗೊತ್ತಾಗುತ್ತಿತ್ತು. ಹೇಳಿದೆ.

ವಾರ್ಡನಮ್ಮ ಕೆಟ್ಟವರಲ್ಲ. ಇದನ್ನು ಅವತ್ತಿನ ಸಿಟ್ಟಿನಲ್ಲೂ ನಾನು ಒಪ್ಪಿದ್ದೆ. ಅವರು ತಗ್ಗಿದ ದನಿಯಲ್ಲೇ ಮಾತಾಡಿದರು. "ನೀವು ಬರೋಕೆ ಮುಂಚೆ ಒಂದು ಸಲ ಹಿಂಗೇ ಒಂದು ಚೀಟಿ ಬಂದಿತ್ತು. ಊರಿಗೆ ಸುದ್ದಿ ಹೋತು. ಒಬ್ಬಳ ಹೆಸರಿಗೆ ಚೀಟಿ ಬಂದ್ರೆ ಆ ಊರಿನ ಮೂರು ಹುಡುಗೀರನ್ನೂ ಕರ್ಕಂಡು ಹೋದ್ರು. ಮೂವರದೂ ಓದು ನಿಂತೋತು. ಮೊಳೆ ನಾನು ಖುಷಿಗೆ ಹೊಡೆಸಿಲ್ಲ ಕಣಮ್ಮ. ಈಗ ಇನ್‌ಸ್ಪೆಕ್ಷನ್ ದಿನ ಸಾಹೇಬ್ರ ಮುಂದೆ ಇದನ್ನ ಹಾಡಿದ್ರೆ, ಯಾಕೆ ಮೊಳೆ ಹೊಡೆಸಿದ್ರಿ ಅಂತಾರೆ. ಚೀಟಿ ವಿಷಯ ಹೊರಗೆ ಬರ್ತದೆ. ಆಮೇಲೆ ಎಷ್ಟು ಅಪ್ಪಂದಿರು ಗಾಡಿ ಕಟ್ಕಂಡು ಬರ್ತಾರೆ ಲೆಕ್ಕ ಹಾಕ್ರಿ."

ತೀರ್ಮಾನ ಆಗಲೇ ಆಗಿತ್ತು. ಆ ಪದ್ಯ ತೆಗೆದು ಸ್ವಚ್ಛತೆಯ ಮೇಲೊಂದು ಪದ್ಯ ಹಾಕಬೇಕು. ಹಾಸ್ಟೆಲಿನ ಮೇಲೆ ದೂರು ಹಾಡಿದ್ದಕ್ಕೆ ನಿಯಮದ ಪ್ರಕಾರ ಏಳನೇ ನಂಬರಿನವಳ ತಂದೆಗೆ ಎಚ್ಚರಿಕೆಯ ಕಾಗದ ಹೋಗಬೇಕು. ಉತ್ತರ ಸರಿಯಿಲ್ಲದಿದ್ದರೆ ಸೀಟು ರದ್ದು. ಹನ್ನೆರಡನೇ ನಂಬರಿನವಳ ಮಾತೇ ಬರಲಿಲ್ಲ. ಅವಳ ತಂದೆ ಊರಿನಲ್ಲಿ ಸ್ವಲ್ಪ ಮಾತು ನಡೆಯುವ ಮನುಷ್ಯ. ಕಾಗದ ಬರೆಯಬೇಕಾದದ್ದು ಸಹಾಯಕ ವಾರ್ಡನ್, ಅಂದರೆ ನಾನು. ಮಂಗಳವಾರ ಇನ್‌ಸ್ಪೆಕ್ಷನ್. ಸೋಮವಾರ ಸಂಜೆಯೊಳಗೆ ಕಾಗದ ಮೇಜಿನ ಮೇಲಿರಬೇಕು.

ಪುಸ್ತಕ ಹಿಡಿದು ಹೊರಗೆ ಬಂದೆ. ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ನೋಡಿದೆ. ಪುಟ ಹರಿಯಲೆಂದರೆ ಸಂಖ್ಯೆಯಿದೆ, ರುಜುವಿದೆ. ಇದು ಹಳೆಯ ಬೀಸುವ ಪದ, ಯಾರು ಕಟ್ಟಿದ್ದೋ ಗೊತ್ತಿಲ್ಲ ಎನ್ನಲೆಂದರೆ, ಸ್ವರಚಿತವೆಂದು ನಾನೇ ಪುಟದ ತಲೆಯ ಮೇಲೆ ಬರೆದಿದ್ದೇನೆ. ಊರಲ್ಲಿ ನೂರಾರು ವರ್ಷದಿಂದ ಹೆಂಗಸರು ಬೀಸುತ್ತ ಹಾಡಿದ್ದಾರೆ, ಅತ್ತೆಯನ್ನು ಬೈದಿದ್ದಾರೆ, ಗಂಡನನ್ನು ಬೈದಿದ್ದಾರೆ, ಊರಗೌಡನನ್ನೂ ಬಿಟ್ಟಿಲ್ಲ. ಯಾರೂ ಸಿಕ್ಕಿಬಿದ್ದಿಲ್ಲ, ಯಾಕೆಂದರೆ ಯಾವ ಸಾಲು ಯಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಅಂಕ ಕೊಡಲೆಂದು ಅಂಚಿನಲ್ಲಿ ನಂಬರ್ ಹಾಕಿದ ಮೊದಲ ಜಾಣೆ ನಾನೇ ಇರಬೇಕು.

ಉಳಿದದ್ದು ಒಂದು ದಾರಿ. ಆ ಸಾಲು ನಾನು ಬರೆದುಕೊಟ್ಟದ್ದು, ಹುಡುಗಿಯದಲ್ಲ ಎಂದು ಸುಳ್ಳು ಹೇಳುವುದು. ಭಾನುವಾರ ಬೆಳಿಗ್ಗೆ ಅವಳನ್ನು ಕೋಣೆಗೆ ಕರೆದೆ. ಎಲ್ಲ ಹೇಳಿದೆ. ಕಾಗದದ ಮಾತು ಕೇಳಿದ ಕೂಡಲೇ ಅವಳು ಗೋಡೆಗೆ ಆತುಕೊಂಡಳು.

"ಅಪ್ಪಂಗೆ ಓದಾಕ್ ಬರಲ್ಲ ಮೇಡಂ. ಕಾಗದ ಬಂದ್ರೆ ಯಾರತ್ರ ಓದಿಸ್ತಾನೆ? ಪೋಸ್ಟಿನೋನೇ ಕಟ್ಟೆ ಮೇಲೆ ಕುಂತು ಗಟ್ಟಿಯಾಗಿ ಓದ್ತಾನೆ. ಹಟ್ಟಿಗೆ ಹಟ್ಟಿನೇ ಕೇಳಿಸ್ಕಂತೈತೆ. ನಮ್ಮಪ್ಪ ಬೈಯ್ಯಲ್ಲ, ಹೊಡೆಯಲ್ಲ. ಬಂದು ಟ್ರಂಕು ತಲೆಮ್ಯಾಲೆ ಇಟ್ಕಂಡು, ನಡಿಯವ್ವ ಅಂತಾನೆ. ಅಷ್ಟೆ."

"ಆ ಸಾಲು ನಂದು ಅಂತ ಹೇಳಿಬಿಡ್ತೀನಿ."

ಅವಳು ಸಮಾಧಾನದಿಂದ ಉಸಿರು ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ಅಲ್ಲಾಡಿಸಿದಳು.

"ಬ್ಯಾಡ ಮೇಡಂ. ಅದು ನಂದು."

"ಸೀಟು ಹೋಗುತ್ತಲ್ಲೇ."

"ಹೋಗ್ತೈತೆ. ಗೊತ್ತೈತೆ. ಸೀಟು ಸರಕಾರದ್ದು, ಪುಸ್ತಕ ಸಂಸ್ಥೇದು, ಉಟ್ಟಿರೋ ಸೀರೆ ನಮ್ಮಕ್ಕಂದು. ಅದೊಂದು ಸಾಲು ನಂದು." ಅಳುತ್ತಲೇ ಹೇಳಿದಳು, ಆದರೂ ಗಟ್ಟಿಯಾಗಿಯೇ ಹೇಳಿದಳು. "ನೀವು ಅದನ್ನ ಇಸ್ಕಂಡ್ರೆ ನಾನು ಇಲ್ಲಿದ್ದೂ ಇಲ್ದಂಗೆ."

ನನಗೆ ನಾಚಿಕೆಯಾಯಿತು. ಅವಳನ್ನು ಉಳಿಸುತ್ತೇನೆಂದು ಹೊರಟವಳು ಅವಳ ಕೈಯಲ್ಲಿದ್ದುದನ್ನೇ ಕಿತ್ತುಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ಹಾಳೆ ತೆಗೆದು ಕಾಗದ ಬರೆಯಲು ಕೂತೆ. ಹೌದು, ಬರೆದೆ. ನಿಮ್ಮ ಮಗಳ ನಡತೆಯ ಬಗ್ಗೆ ತಿಳಿಸಲು ವಿಷಾದವಾಗುತ್ತದೆ ಎಂದು ಶುರು ಮಾಡಿ ನನ್ನ ಸಹಿಯವರೆಗೆ ಬರೆದು ಮುಗಿಸಿದೆ. ಬರೆಯದೇ ಇರುವ ಧೈರ್ಯ ನನಗೆ ಆಗ ಬಂದಿರಲಿಲ್ಲ. ಕೋಣೆ ಬೇಯುತ್ತಿತ್ತು. ನನ್ನ ಕಿಟಕಿಯೂ ಆ ಆರರಲ್ಲಿ ಒಂದು. ಅದರ ಅಡ್ಡಪಟ್ಟಿಯಲ್ಲಿ ನಾಲ್ಕು ಮೊಳೆಗಳಿದ್ದವು. ನಾಲ್ಕನ್ನೂ ನಾನೇ ಎತ್ತಿ ಕೊಟ್ಟಿದ್ದೆ.

ಸೋಮವಾರ ತಾಲೀಮು. ಸ್ವಚ್ಛತೆಯ ಪದ್ಯ ಕಲಿಸಬೇಕಿತ್ತು. ಹುಡುಗಿಯರಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಅಡಿಪಟ್ಟಿ ಹಿಡಿದು ಸುಮ್ಮನೆ ಕೂತಿದ್ದರು. ತುರುವನೂರಿನವಳು ಅಣಕವಿಲ್ಲದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮೇಡಂ, ಒಂದು ಕೇಳ್ತೀನಿ, ಬೈಯ್ಯಬ್ಯಾಡ್ರಿ. ಎಲ್ರೂ ಒಂದೊಂದು ಸಾಲು ಕೊಡಬೇಕು, ಕೊಡದೋರಿಗೆ ಅಂಕ ಇಲ್ಲ ಅಂದಿದ್ರಿ. ನೀವು ಒಂದೂ ಕೊಟ್ಟಿಲ್ಲ."

"ನಾನು ಮೇಷ್ಟ್ರು ಕಣೇ."

"ಬೀಸೋಕೆ ಕುಂತ ಮ್ಯಾಲೆ ಮೇಷ್ಟ್ರೇನು, ಮನೆಯೋರೇನು ಮೇಡಂ. ಗೂಟ ಹಿಡಿದೋರೆಲ್ಲ ಅನ್ನಬೇಕು."

ಮಾರಿಕಣಿವೆಯವಳ ಎದುರಿನ ಜಾಗ ಖಾಲಿಯಿತ್ತು. ಅವಳ ಜೊತೆಗಾತಿಗೆ ಜ್ವರ. ನಾನು ಅಲ್ಲಿ ಕೂತು ಅಡಿಪಟ್ಟಿ ಹಿಡಿದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ನಿಯಮ ನನ್ನದೇ, ಆದದ್ದನ್ನು ಬಿಟ್ಟು ಬೇರೇನೂ ಹೇಳಕೂಡದು. ಪಟ್ಟಿ ತಿರುಗತೊಡಗಿತು. ಮೂರು ಸುತ್ತು ಸುಮ್ಮನೆ ಹೋದವು. ನಾಲ್ಕನೆಯದಕ್ಕೆ ಬಾಯಿ ತೆರೆದೆ.

'ಮೊಳೆಯ ಪೊಟ್ಟಣ ಹಿಡಿದೋಳು ನಾನೆ, ಬೀಗದ ಕೈ ನನ್ನ ಸೆರಗಿನಾಗೆ.'

ನನ್ನ ಸಾಲನ್ನು ನನಗೇ ತಿರುಗಿ ಹೇಳಿದರು. ಆ ಎರಡು ಸುತ್ತು ಮತ್ತು ಖಾಲಿಯ ಎರಡು ಸುತ್ತು ನನಗೆ ನಿಜಕ್ಕೂ ಬೇಕಾಗಿದ್ದವು.

'ಹೊರಗಿನ ಬಾಗಿಲು ಹಾಕಿ ಬಂದು ನಾನೂ ಮಲಗೋದು ಅದರಾಗೆ.'

ಅವತ್ತು ತೀರ್ಮಾನ ಮಾಡಿದೆ. ಅವಳ ಸಾಲು ಅವಳದಾಗಿಯೇ ಇರಲಿ. ಅದಕ್ಕೆ ಉತ್ತರ ನನ್ನದಾಗಲಿ. ಪುಸ್ತಕದಲ್ಲಿ ಆ ಪದ್ಯದ ಕೆಳಗೆ ನನ್ನ ಪದ್ಯ ಬರೆದೆ. ಅಂಚಿನಲ್ಲಿ ಕೆಂಪು ಶಾಯಿಯಿಂದ ನನ್ನ ಹೆಸರು, ಹುದ್ದೆ ಎರಡನ್ನೂ ಹಾಕಿದೆ. ಅದರ ಕೆಳಗೆ, ಈ ಹಾಡಿನ ಎಲ್ಲ ಸಾಲುಗಳೂ ನನ್ನ ಆದೇಶದ ಮೇಲೆ, ನಾನು ಮಾಡಿದ ನಿಯಮದಂತೆ ತರಗತಿಯ ಕೆಲಸವಾಗಿ ರಚನೆಯಾದವು ಎಂದು ಬರೆದು ಸಹಿ ಮಾಡಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಂಜೆ ಪ್ರಿನ್ಸಿಪಾಲರ ಮೇಜಿನ ಮೇಲೆ ಕಾಗದ ಇಡಲಿಲ್ಲ. ಅವರು ಶಾಮಿಯಾನ, ಹಾರ ಎಂದು ಓಡಾಡುತ್ತಿದ್ದರು, ಕೇಳಲೂ ಇಲ್ಲ.

ಮಂಗಳವಾರ ಹನ್ನೊಂದಕ್ಕೆ ಅಧಿಕಾರಿಗಳು ಬಂದರು. ವೇದಿಕೆಯ ಮೇಲೆ ಹುಡುಗಿಯರು ಹಾರ್ಮೋನಿಯಂ ಇಲ್ಲದೆ, ಅಡಿಪಟ್ಟಿ ಹಿಡಿದು ಎದುರುಬದುರು ಕೂತಾಗ ಅವರಿಗೆ ಅದೇನೋ ಕರಕುಶಲ ಕಲೆಯಂತೆ ಕಂಡಿರಬೇಕು. ಉಪ್ಪಿಟ್ಟಿನ ಪದ್ಯಕ್ಕೆ ನಕ್ಕರು. ಪ್ರಿನ್ಸಿಪಾಲರೂ ನಕ್ಕರು. ಆಮೇಲೆ ಸ್ವಚ್ಛತೆ ಬರಬೇಕಾದ ಜಾಗದಲ್ಲಿ ಕಿಟಕಿ ಬಂತು. ನಾನು ಮಾರಿಕಣಿವೆಯವಳ ಎದುರು ಕೂತಿದ್ದೆ. ಅವಳು ಅಡಿಪಟ್ಟಿಯನ್ನು ನನಗಿಂತ ಜೋರಾಗಿ ತಿರುಗಿಸುತ್ತಿದ್ದಳು. ಸಾಲನ್ನು ಗಟ್ಟಿಯಾಗಿಯೇ ಬಿಟ್ಟಳು. ಅವಳ ಪದ್ಯ ಮುಗಿದ ಮೇಲೆ ನನ್ನದನ್ನು ಹಾಡಿದೆ. ಚೆನ್ನಾಗಿಯೇನೂ ಹಾಡಲಿಲ್ಲ.

"ಯಾರು ಬರೆದದ್ದು?" ಅಂತ ಅಧಿಕಾರಿಗಳು ಕೇಳಿದರು. ಪುಸ್ತಕ ಕೊಟ್ಟೆ. ಅವರು ಕನ್ನಡಕ ಏರಿಸಿ ಪುಟವನ್ನೂ ಅಂಚನ್ನೂ ಓದಿದರು. ವಾರ್ಡನಮ್ಮನ ಕಡೆ ತಿರುಗಿ, "ಕಿಟಕಿಗೆ ಮೊಳೆ ಇರೋದು ನಿಜವೇ?" ಅಂದರು.

"ನಿಜ ಸಾರ್. ಭದ್ರತೆಗೆ."

"ಹೂಂ." ಪುಸ್ತಕ ಮುಚ್ಚಿದರು. "ಮುಂದಿನ ಐಟಂ ಯಾವುದು?"

ಅಷ್ಟೇ ನಡೆದದ್ದು. ಚೀಟಿಯ ವಿಷಯ ಯಾರೂ ಎತ್ತಲಿಲ್ಲ, ಮೊಳೆ ಕೀಳಿಸಿ ಎಂದೂ ಯಾರೂ ಹೇಳಲಿಲ್ಲ.

ಮೆಮೊ ಗುರುವಾರ ಬಂತು. ನನ್ನನ್ನು ಸಹಾಯಕ ವಾರ್ಡನ್ ಕೆಲಸದಿಂದ ತೆಗೆದಿದ್ದರು. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಗಿತ್ತು. ಮೂರು ದಿನದಲ್ಲಿ ಕೋಣೆ ಖಾಲಿ ಮಾಡಬೇಕಿತ್ತು. ಹುಡುಗಿಯ ಕಾಗದದ ಬಗ್ಗೆ ಪ್ರಿನ್ಸಿಪಾಲರು ನನ್ನ ಮುಖ ನೋಡದೆ ಹೇಳಿದರು. "ನೀವು ಆದೇಶ ಕೊಟ್ಟಿದ್ದು ಅಂತ ಬರೆದು ಸಹಿ ಹಾಕಿಬಿಟ್ರಲ್ಲಮ್ಮ. ಆದೇಶ ಪಾಲಿಸಿದ್ದಕ್ಕೆ ಅವಳ ಮೇಲೆ ಕ್ರಮ ತಗಂಡ್ರೆ ಇಲಾಖೆಯೋರು ನನ್ನನ್ನ ಕೇಳ್ತಾರೆ. ಹೋಗ್ಲಿ ಬಿಡ್ರಿ." ಆರು ದಿನದ ಸಂಕಟ ಆ ಮಾತಿಗೆ ಮುಗಿಯಿತು.

ಟ್ರಂಕು ಕಟ್ಟುವಾಗ ಆ ಕಾಗದ ಸಿಕ್ಕಿತು. ಮಾರಿಕಣಿವೆಯವಳ ಕೈಗೆ ಕೊಟ್ಟೆ. ಅವಳು ಬಾಗಿಲಲ್ಲೇ ನಿಂತು, ವಿಷಾದವೆಂಬ ಮೊದಲ ಸಾಲಿನಿಂದ ನನ್ನ ಸಹಿಯವರೆಗೆ ಓದಿದಳು.

"ನನ್ನ ಮ್ಯಾಲೆ ಬರೆದ ಕಾಗದ ನಾನೇ ಓದಿದೆ ಮೇಡಂ," ಅಂದಳು. ಅದನ್ನು ಅಡುಗೆಮನೆಯ ಒಲೆಗೆ ಹಾಕಿ ಬಂದಳು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆ. ಸೆರಗು ಹಗುರವಾಯಿತು, ಕಿಟಕಿ ತೆಗೆದರೆ ಗಾಳಿ ಬರುತ್ತಿತ್ತು. ಆ ಗಾಳಿ ಮೊದಲ ಕೆಲವು ದಿನ ನನಗೆ ಹಿಡಿಸಲಿಲ್ಲ. ಅಲ್ಲಿ ಹದಿನಾರು ಜನ ಬೇಯುತ್ತಿದ್ದಾರೆ ಎಂಬುದು ತಲೆಯಿಂದ ಹೋಗುತ್ತಿರಲಿಲ್ಲ.

ಎರಡು ವಾರದ ಮೇಲೆ ಒಂದು ಭಾನುವಾರ, ಸಂತೆಯಿಂದ ತರಕಾರಿ ಹಿಡಿದು ಕೋಟೆ ರಸ್ತೆಯಲ್ಲಿ ಬರುತ್ತಿದ್ದೆ. ಹಾಸ್ಟೆಲಿನ ಗೋಡೆಯ ಹತ್ತಿರ ಬಂದಾಗ ಒಳಗಿಂದ ದನಿ ಕೇಳಿತು. 'ಕಿಟಕಿಗೆ ಮೊಳೆ ಹೊಡೆದಾರೆ, ಗಾಳಿ ಹೊರಗೆ ನಿಂತೈತೆ.' ಮಾರಿಕಣಿವೆಯವಳೇ. ನಿಂತುಬಿಟ್ಟೆ. ಉಳಿದವರು ತಿರುಗಿ ಹೇಳಿದರು. ಅಷ್ಟರಲ್ಲಿ ವಾಚ್‌ಮನ್ ಬಂದ.

"ಇಲ್ಲಿ ನಿಲ್ಲಂಗಿಲ್ಲ ಮೇಡಂ," ಅಂದ ಪಾಪ, ಸಂಕೋಚದಿಂದ. "ನೀವೇ ಹೇಳಿದ್ರಲ್ರಿ."

ಒಳಗೆ ಖಾಲಿಯ ಎರಡು ಸುತ್ತು ನಡೆಯುತ್ತಿತ್ತು. ಹೂಂಕಾರ ಕೇಳುತ್ತಿತ್ತು. ಉತ್ತರ ನನ್ನ ಗಂಟಲಲ್ಲೇ ಇತ್ತು. ಎದುರಿಗೆ ವಾಚ್‌ಮನ್, ರಸ್ತೆ ತುಂಬ ಸಂತೆಯ ಜನ, ನನ್ನ ಮುಂದೆ ಒಂದು ವರ್ಷದ ಪ್ರೊಬೇಷನ್. ನಾನು ಹಾಡಲಿಲ್ಲ. ತಲೆ ತಗ್ಗಿಸಿ ಹೆಜ್ಜೆ ಹಾಕಿದೆ. ನಾಲ್ಕು ಹೆಜ್ಜೆ ಹೋಗಿರಬೇಕು, ಬೆನ್ನ ಹಿಂದೆ ಕಿಟಕಿಯ ಒಳಗಿಂದ ಉತ್ತರ ಬಂತು. ತುರುವನೂರಿನವಳದಲ್ಲ, ನನ್ನದಲ್ಲ, ನಾನು ಎಂದೂ ಕೇಳಿರದ ಸಾಲು.

'ಮೊಳೆಗೂ ತುಕ್ಕು ಹಿಡಿತೈತವ್ವ, ನಮಗೆ ದಿನ ಎಣಿಸಾಕೆ ಬರತೈತೆ.'

ಯಾರ ದನಿಯೆಂದು ಗುರುತು ಸಿಗಲಿಲ್ಲ. ಎಲ್ಲರೂ ಕೂಡಿ ಹಾಡಿದ್ದರು. ಹಾಡಿನ ರೆಕಾರ್ಡ್ ಪುಸ್ತಕ ಅಭ್ಯಾಸದಂತೆ ನನ್ನ ಚೀಲದಲ್ಲೇ ಇತ್ತು, ಕೆಂಪು ಶಾಯಿಯ ಪೆನ್ನೂ ಇತ್ತು. ತೆಗೆಯಲಿಲ್ಲ. ಆ ಸಾಲು ಯಾರದೆಂದು ನಾನು ಯಾರನ್ನೂ ಕೇಳಲಿಲ್ಲ.